ಸೇತುವೆ ಹತ್ತದ ಕುದುರೆ

ಸರ್ವೆಯರ್: ಮತ್ತೆ ಹಿಂದಕ್ಕೆ ತಗೊಂಡ್ರಾ? ಡಾಕ್ಟ್ರೇ, ಇದು ಕೋಟೆಗೆ ಮುತ್ತಿಗೆ ಹಾಕೋ ಆಟ ಕಣ್ರೀ, ವಾಕಿಂಗ್ ಅಲ್ಲ!

ಡಾಕ್ಟರ್: ಹಿಂದಕ್ಕಲ್ಲ ಸರ್, ಹೊಳೆ ಕಡೆಗೆ. ನಾಲ್ಕು ಸರದಿಯಿಂದ ಒಂದೇ ಸಮನೆ ಓಡಿಸಿದೀನಿ. ಒಂದು ಗುಟುಕು ನೀರು ಕುಡಿದಿಲ್ಲ.

ಸರ್ವೆಯರ್: ಯಾರು ಕುಡಿದಿಲ್ಲ?

ಡಾಕ್ಟರ್: ಕುದುರೆ.

ಸರ್ವೆಯರ್: ಅದು ಮರದ್ದು ಕಣ್ರೀ!

ಡಾಕ್ಟರ್: ಮರದ್ದೇ. ಆದ್ರೂ ಕುದುರೆ ತಾನೇ ಸರ್.

ಭಾನುವಾರ ಬೆಳಗ್ಗೆ ಹತ್ತೂವರೆ. ತಟ್ಟೆ ಲೋಟ ಇರಬೇಕಾದ ಊಟದ ಮೇಜಿನ ಮೇಲೆ ಮುನ್ನೂರು ವರ್ಷ ಹಳೆಯ ಒಂದು ಯುದ್ಧ ಹರಡಿಕೊಂಡಿತ್ತು. ನಿವೃತ್ತ ಸರ್ವೆಯರ್ ಸಾಹೇಬರು ತಾವೇ ಕೈಯಾರೆ ಬರೆದ ನಕ್ಷೆ. ನಡುವೆ ಹೊಳೆ, ಹೊಳೆಗೆ ಒಂದೇ ಒಂದು ಮರದ ಸೇತುವೆ, ಆಚೆ ದಡದಲ್ಲಿ ಕೋಟೆ. ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿ, ಮನೆಯವರ ಪ್ರಾಣ ತಿಂದು, ಎರಡು ವರ್ಷ ಕೂತು ಈ ಆಟ ಕಟ್ಟಿದ್ದರು. ನಿಯಮ ಸುಲಭ. ಒಬ್ಬರು ಕೋಟೆ ಕಾಯಬೇಕು, ಇನ್ನೊಬ್ಬರು ಮುತ್ತಬೇಕು. ಹನ್ನೆರಡು ಸರದಿಯೊಳಗೆ ಮುತ್ತಿದವರ ಒಂದೇ ಒಂದು ಕಾಯಿ ಹೆಬ್ಬಾಗಿಲು ದಾಟಿದರೆ ಕೋಟೆ ಅವರದು. ದಾಟದಿದ್ದರೆ ಕಾದವರು ಗೆದ್ದ ಹಾಗೆ. ಸರಿಸಮ ಎಂಬ ಮಾತೇ ಇಲ್ಲ. ಕೋಟೆ ಕಾಯುವ ಕೆಲಸವನ್ನು ಮಾತ್ರ ಸರ್ವೆಯರ್ ಇದುವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಎದುರಿಗೆ ಕೂತ ಡಾಕ್ಟರು ಮನುಷ್ಯರ ಡಾಕ್ಟರಲ್ಲ, ದನ ಕುದುರೆಗಳ ಡಾಕ್ಟರು. ಈ ಮನೆಯ ಮಗಳನ್ನು ಮದುವೆಯಾಗುತ್ತೇನೆ ಎಂದು ಕೇಳಲು ಬಂದವರು. ಕೇಳಿದ್ದಕ್ಕೆ ಸರ್ವೆಯರ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. 'ಮೊದಲು ಒಂದು ಆಟ ಆಡೋಣ' ಅಂದರು. ಯಾವ ಕಾಲೇಜಿನಲ್ಲೂ ಇಂಥ ಪರೀಕ್ಷೆ ಬರೆದಿರದ ಡಾಕ್ಟರು ಏಳನೇ ಸರದಿಯ ಹೊತ್ತಿಗೆ ಬೆವೆತು ಹೋಗಿದ್ದರು.

ಸರ್ವೆಯರ್: ನಿಮ್ಮ ಕುದುರೆ ನೀರು ಕುಡಿದು ಬಾಯಿ ಒರೆಸ್ಕೊಳ್ಳೋಷ್ಟರಲ್ಲಿ ನನ್ನ ಕುದುರೆ ಎಲ್ಲಿಗೆ ಬಂತು ನೋಡಿ. ಟಕ್, ಟಕ್, ಟಕ್!

ಡಾಕ್ಟರ್: ಅಯ್ಯೋ ಸರ್, ಗುಡ್ಡ ಇಳಿಯೋವಾಗ ಆ ವೇಗ ಬೇಡ. ಮುಂಗಾಲು ಹೋಗ್ಬಿಡುತ್ತೆ.

ಸರ್ವೆಯರ್: ಯಾರ ಮುಂಗಾಲು?

ಡಾಕ್ಟರ್: ನಿಮ್ಮ ಕುದುರೇದು.

ಸರ್ವೆಯರ್: ರೀ ಸ್ವಾಮಿ, ಅದು ನಿಮ್ಮ ಶತ್ರು ಕುದುರೆ!

ಡಾಕ್ಟರ್: ಶತ್ರುತ್ವ ನಮ್ಮಿಬ್ಬರದು ಸರ್. ಅದನ್ಯಾಕೆ ಮಧ್ಯೆ ಎಳೀಬೇಕು, ಪಾಪ.

ಸರ್ವೆಯರ್: ಕಲ್ಲು ಅನ್ನದೆ ಮುಳ್ಳು ಅನ್ನದೆ ಮೂವತ್ತೈದು ವರ್ಷ ಸರಪಳಿ ಎಳ್ಕೊಂಡು ಹೊಲ ಅಳೆದೋನು ನಾನು. ಇಂಥ ಮಾತು ಎಲ್ಲೂ ಕೇಳಿಲ್ಲ. ಇರಿ ಇರಿ, ನಿಮ್ಮ ಕುದುರೆಗೆ ಇರೋದು ಮೂರು ಮನೆ ನಡಿಗೆ. ಹೊಳೇವರೆಗೂ ಮೂರಾಗುತ್ತೋ ನಾಲ್ಕಾಗುತ್ತೋ ಅಳೆದೇ ನೋಡ್ತೀನಿ. ಸ್ಕೇಲ್ ತರ್ತೀನಿ. ಅಲ್ಲೀವರೆಗೆ ಒಂದು ಕಾಯೀನೂ ಅಲುಗಬಾರದು.

ಸರ್ವೆಯರ್ ಒಳಗಿನ ಕೋಣೆಗೆ ಹೋದದ್ದೇ ತಡ, ಪರದೆಯ ಹಿಂದಿನಿಂದ ಮಗಳು ಬಂದಳು. ಬಸ್ ಕಂಡಕ್ಟರ್. ಎಪ್ಪತ್ತು ಜನರ ಗಲಾಟೆಯ ಮೇಲೆ ಕೇಳಿಸುವ ದನಿ ಅವಳದು. ಅದನ್ನು ಪಿಸುಮಾತಿಗೆ ಇಳಿಸುವಷ್ಟರಲ್ಲಿ ಕತ್ತಿನ ನರ ಉಬ್ಬಿಬಂದವು.

ಮಗಳು: ಏನು ಮಾಡ್ತಿದೀರ ನೀವು?

ಡಾಕ್ಟರ್: ಆಟ ಆಡ್ತಿದೀನಿ.

ಮಗಳು: ಆಟವಂತೆ ಆಟ! ಹಿಂದೆ ಬಂದಿದ್ದ ಇಬ್ಬರ ಕಥೆ ಹೇಳಿದ್ದೆ ತಾನೇ?

ಡಾಕ್ಟರ್: ಇನ್ನೊಂದ್ಸಲ ಹೇಳಿ. ಹೆದರಿಕೇಲಿ ಮರೆತೇ ಹೋಯ್ತು.

ಮಗಳು: ಆ ಬ್ಯಾಂಕಿನೋರು ಅಪ್ಪನ್ನ ಖುಷಿ ಪಡಿಸೋಣ ಅಂತ ಬೇಕಂತಲೇ ಸೋತ್ರು. 'ಕೆಚ್ಚಿಲ್ಲದೋನಿಗೆ ಮಗಳನ್ನ ಕೊಡಲ್ಲ' ಅಂದ್ರು ಅಪ್ಪ. ಆಮೇಲೆ ಬಂದ ಇಂಜಿನಿಯರು ಐದೇ ಸರದೀಲಿ ಗೆದ್ರು. 'ಹಿರಿಯರ ಕೋಟೆ ಒಡೆದೋನು ನಾಳೆ ಮನೆ ಒಡೆಯಲ್ಲ ಅಂತ ಏನು ಗ್ಯಾರಂಟಿ' ಅಂದ್ರು.

ಡಾಕ್ಟರ್: ಅಂದ್ರೆ ನಾನು ಸೋಲಬಾರದು.

ಮಗಳು: ಹೂಂ.

ಡಾಕ್ಟರ್: ಗೆಲ್ಲಲೂಬಾರದು.

ಮಗಳು: ಹೂಂ.

ಡಾಕ್ಟರ್: ಡ್ರಾ ಅನ್ನೋದು ಈ ಆಟದಲ್ಲೇ ಇಲ್ಲ.

ಮಗಳು: ಅದಕ್ಕೇ ನನಗಿನ್ನೂ ಮದುವೆ ಆಗಿಲ್ಲ.

ಡಾಕ್ಟರ್: ಹಾಗಾದ್ರೆ ನಾನೇನು ಮಾಡ್ಲಿ ಹೇಳಿ.

ಮಗಳು: ಅಪ್ಪನ ಮುಖ ನೋಡ್ಕೊಂಡು ನಾನು ಹೇಳ್ತಾ ಹೋಗ್ತೀನಿ. ಟೀ ಹಿಡ್ಕೊಂಡು ಬಾಗಿಲ ಹತ್ರ ನಿಂತಿರ್ತೀನಿ. ಚಮಚದಲ್ಲಿ ಲೋಟಕ್ಕೆ ಒಂದು ಸಲ ಹೊಡೆದ್ರೆ ನಿಲ್ಲಿ. ಎರಡು ಸಲ ಹೊಡೆದ್ರೆ ಮುಂದಕ್ಕೆ ಹೋಗಿ.

ಡಾಕ್ಟರ್: ಬಸ್ಸಲ್ಲಿ ಸೀಟಿ ಊದೋ ಹಾಗೆ.

ಮಗಳು: ಅದೇ ಲೆಕ್ಕ. ಆರು ವರ್ಷದಿಂದ ಡ್ರೈವರ್ ನನ್ನ ಸೀಟಿ ಕೇಳಿ ಓಡಿಸಿದಾರೆ, ಒಂದು ಕಂಬಕ್ಕೂ ಗುದ್ದಿಲ್ಲ. ನೀವೂ ಕೇಳಿ.

ಅಷ್ಟರಲ್ಲಿ ಅಡುಗೆಮನೆಯಿಂದ ತಾಯಿ ಇಣುಕಿದರು. ಕೈಯಲ್ಲಿ ಮೆಣಸು ಕುಟ್ಟುವ ಕಬ್ಬಿಣದ ಹಾರೆ.

ತಾಯಿ: ಏನದು ಗುಸುಗುಸು? ಡಾಕ್ಟ್ರೇ, ನೀವು ಇವಳ ಮಾತು ಕೇಳ್ಬೇಡಿ. ಗೆದ್ದುಬಿಡಿ.

ಮಗಳು: ಅಮ್ಮಾ!

ತಾಯಿ: ನನಗೆ ನನ್ನ ಊಟದ ಮೇಜು ವಾಪಸ್ ಬೇಕು ಕಣೇ. ಎರಡು ವರ್ಷದಿಂದ ಮೂರೂ ಜನ ಮಂಚದ ಮೇಲೆ ಕೂತು ಉಣ್ತಿದೀವಿ. ಹಾಸಿಗೆ ಮೇಲೆ ಸಾರು ಚೆಲ್ಲಿ ಒಗೆದೂ ಒಗೆದೂ ನನ್ನ ಕೈ ಬಿದ್ದುಹೋಗಿದೆ. ಆ ಇಂಜಿನಿಯರು ಗೆದ್ದಾಗ ಇವರು ಮತ್ತೆ ಹರಡಿಟ್ರು. ಈ ಸಲವಾದ್ರೂ ಆ ಕೋಟೆ ಮತ್ತೆ ಏಳದ ಹಾಗೆ ನೆಲಸಮ ಆಗ್ಲಿ.

ಮಗಳು: ನಿನ್ನ ಮೇಜಿಗೋಸ್ಕರ ನನ್ನ ಮದುವೆ ಮುರೀಬೇಕಾ?

ತಾಯಿ: ಮದುವೆ ಆದ್ರೆ ನೀನು ಬೇರೆ ಮನೇಲಿ ಮೇಜು ಮೇಲೆ ಉಣ್ತೀಯ. ಮಂಚದ ಮೇಲೆ ಉಳಿಯೋಳು ನಾನು!

ಸರ್ವೆಯರ್ (ಒಳಗಿನಿಂದ): ಏನೇ, ನನ್ನ ಸ್ಕೇಲ್ ಎಲ್ಲಿಟ್ಟಿದೀಯ?

ತಾಯಿ: ನೀವೇ ಇಟ್ಟಿರೋ ಕಡೆ ಇಟ್ಟಿದೀನಿ!

ಹೆಂಗಸರಿಬ್ಬರೂ ಮಾಯವಾದರು. ಸರ್ವೆಯರ್ ಮೊಳದುದ್ದದ ಉಕ್ಕಿನ ಸ್ಕೇಲು ಹಿಡಿದು ಬಂದು, ಕನ್ನಡಕ ಹಣೆಗೇರಿಸಿ, ನಕ್ಷೆಯ ಮೇಲೆ ಬಾಗಿದರು. ಅಳತೆ ಎಂದರೆ ಅವರಿಗೆ ಊಟ ನಿದ್ದೆ ಬೇಡ.

ಸರ್ವೆಯರ್: ಹೂಂ. ಮೂರು ಮನೆ ಪೂರ್ತಿ ಆಗುತ್ತೆ. ಆದ್ರೆ ಕುದುರೆ ತಲೆ ಮಾತ್ರ ಹೊಳೇಲಿದೆ. ಮೈಯೆಲ್ಲ ದಡದ ಮೇಲೇ ಇದೆ.

ಡಾಕ್ಟರ್: ಕುಡಿಯೋದು ತಲೆ ಕಡೆಯಿಂದಲೇ ಸರ್.

ಸರ್ವೆಯರ್ ಸ್ಕೇಲನ್ನು ಪಕ್ಕಕ್ಕಿಟ್ಟು ದಾಳ ಉರುಳಿಸಿದರು. ಮಗಳು ಟೀ ತಂದಿಟ್ಟು, ತನ್ನ ಲೋಟ ಚಮಚ ಹಿಡಿದು ಬಾಗಿಲಿಗೆ ಒರಗಿದಳು.

ಸರ್ವೆಯರ್: ಅಂದ ಹಾಗೆ ಡಾಕ್ಟ್ರೇ, ಇವಳು ನಿಮಗೆ ಎಲ್ಲಿ ಸಿಕ್ಕಿದ್ದು?

ಡಾಕ್ಟರ್: ಬಸ್ಸಲ್ಲಿ ಸರ್. ನನ್ನ ಜೊತೆ ಒಬ್ಬ ಪೇಶೆಂಟ್ ಇದ್ದ, ತೊಡೆ ಮೇಲೆ ಕೂರಿಸ್ಕೊಂಡಿದ್ದೆ. ಅವನಿಗೂ ಟಿಕೆಟ್ ತಗೋಬೇಕು ಅಂತ ಜಗಳ ತೆಗೆದ್ರು.

ಸರ್ವೆಯರ್: ಎಷ್ಟು ವಯಸ್ಸು ಅವನಿಗೆ?

ಡಾಕ್ಟರ್: ಎಂಟು ತಿಂಗಳು.

ಸರ್ವೆಯರ್: ಎಂಟು ತಿಂಗಳ ಕೂಸಿಗೆ ಟಿಕೆಟ್ಟಾ! ಏನಮ್ಮಾ, ಇದೇನಾ ನಾನು ನಿನಗೆ ಕಲಿಸಿದ್ದು?

ಮಗಳು: ಪೂರ್ತಿ ಕೇಳಪ್ಪಾ.

ಡಾಕ್ಟರ್: ನಾನೂ ಅದನ್ನೇ ಹೇಳ್ದೆ ಸರ್. ಕಾಲು ಮುರಿದಿದೆ, ಎರಡು ದಿನದಿಂದ ಒಂದು ಕಾಳು ತಿಂದಿಲ್ಲ, ಬೆಳಗಾದ್ರೆ ಕೂಗೋಕೂ ಆಗ್ತಿಲ್ಲ ಅಂದೆ.

ಸರ್ವೆಯರ್: ಅಯ್ಯೋ ಪಾಪ! ತಾಯಿ ಎಲ್ಲಿದ್ಲು?

ಡಾಕ್ಟರ್: ತಾಯೀನ ಯಾರೋ ಅದರ ಹಿಂದಿನ ವಾರ ಸಾರು ಮಾಡಿದ್ರಂತೆ.

ಸರ್ವೆಯರ್ ಕೈಯ ಟೀ ಲೋಟ ತುಟಿಗೆ ಮುಟ್ಟುವ ಮೊದಲೇ ನಿಂತಿತು.

ಡಾಕ್ಟರ್: ಹುಂಜ ಸರ್.

ಸರ್ವೆಯರ್: ಓಹೋ. ಕೊನೆಗೆ ಟಿಕೆಟ್ ತಗೊಂಡ್ರಾ?

ಡಾಕ್ಟರ್: ತಗೊಂಡೆ. ಅರ್ಧ ಟಿಕೆಟ್.

ಸರ್ವೆಯರ್: ನನ್ನ ಮಗಳು ಕಣ್ರೀ!

ಅವರ ಮುಖ ಅರಳಿದ್ದನ್ನು ಕಂಡು ಡಾಕ್ಟರಿಗೆ ಜೀವ ಬಂದ ಹಾಗಾಯಿತು. ಆಗಲೇ ಠಣ್ ಠಣ್ ಎಂದು ಎರಡು ಸದ್ದು ಕೇಳಿತು. ಹೋಗು ಅಂದಳಲ್ಲ ಎಂದು ಡಾಕ್ಟರು ಫಿರಂಗಿಯನ್ನು ಮುಂದಕ್ಕೆ ತಳ್ಳಿದರು. ಮತ್ತೆ ಠಣ್ ಠಣ್. ಕಾಲಾಳುಗಳು ಹೊರಟರು. ಠಣ್ ಠಣ್ ಠಣ್ ಠಣ್. ಡಾಕ್ಟರು ದಾಳ ಹಾಕಿ, ಸಿಕ್ಕಿದ ಕಡೆಯೆಲ್ಲ ಗುಂಡು ಹಾರಿಸಿ, ಎರಡು ಸರದಿಯಲ್ಲಿ ಸರ್ವೆಯರರ ಎಡಗಡೆಯ ಪಡೆಯನ್ನು ನುಣ್ಣಗೆ ಬೋಳಿಸಿದರು. ಅದು ಲೋಟದ ಸದ್ದಲ್ಲ, ಅಡುಗೆಮನೆಯಲ್ಲಿ ತಾಯಿ ಮೆಣಸು ಕುಟ್ಟುತ್ತಿದ್ದ ಸದ್ದು. ಅದು ಬಾಗಿಲಲ್ಲಿ ನಿಂತ ಮಗಳಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿರಲಿಲ್ಲ. ಅವಳು ಕಂಗಾಲಾಗಿ ಲೋಟಕ್ಕೆ ಒಂದೇಟು ಬಲವಾಗಿ ಹೊಡೆದಳು. ಡಾಕ್ಟರ ಕೈ ಎತ್ತಿದ ಕಡೆಯೇ ನಿಂತಿತು.

ಸರ್ವೆಯರ್: ಯಾಕೆ ನಿಲ್ಲಿಸಿಬಿಟ್ರಿ? ಬೆಂಕಿ ಬಿದ್ದ ಹಾಗೆ ಬರ್ತಿದ್ರಲ್ಲ!

ಡಾಕ್ಟರ್: ಯೋಚನೆ ಮಾಡ್ತಿದೀನಿ ಸರ್.

ಸರ್ವೆಯರ್: ಇದುವರೆಗೂ ಏನು ಮಾಡ್ತಿದ್ರಿ?

ಡಾಕ್ಟರ್: ಇದುವರೆಗೂ ಯೋಚನೆ ಮಾಡಿರಲಿಲ್ಲ ಸರ್.

ಸರ್ವೆಯರ್: ಏನಮ್ಮಾ, ನೀನ್ಯಾಕೆ ಲೋಟ ಬಡೀತಿದೀಯ?

ಮಗಳು: ಸಕ್ಕರೆ ಕರಗ್ತಿಲ್ಲ ಅಪ್ಪಾ.

ಸರ್ವೆಯರ್: ನಮ್ಮನೇಲಿ ಟೀಗೆ ಸಕ್ಕರೇನೇ ಹಾಕಲ್ವಲ್ಲ!

ಮಗಳು: ಅದಕ್ಕೇ ಕರಗ್ತಿಲ್ಲ.

ಅಡುಗೆಮನೆಯಿಂದ ಠಣ್ ಠಣ್. ಡಾಕ್ಟರು ಮುಂದೆ ಹೋದರು. ಬಾಗಿಲಿನಿಂದ ಠಿಣ್. ಡಾಕ್ಟರು ನಿಂತರು. ಠಣ್ ಠಣ್, ಠಿಣ್. ಒಬ್ಬ ಕಾಲಾಳು ಹೊಳೆಯ ದಡದಲ್ಲಿ ಹೋಗುವುದೋ ನಿಲ್ಲುವುದೋ ತಿಳಿಯದೆ ಪರದಾಡಿದ.

ಸರ್ವೆಯರ್: ಆ ಸಿಪಾಯಿಗೆ ಏನಾಗಿದೆ? ಗರ ಬಡಿದಿದೆಯಾ?

ಡಾಕ್ಟರ್: ಅವನಿಗೆ ಎರಡು ಕಡೆಯಿಂದ ಅಪ್ಪಣೆ ಬರ್ತಿದೆ ಸರ್.

ಸರ್ವೆಯರ್: ಒಂದು ಸೈನ್ಯಕ್ಕೆ ಎಷ್ಟು ಜನ ಸೇನಾಪತಿಗಳು?

ಡಾಕ್ಟರ್: ಸದ್ಯಕ್ಕೆ ಇಬ್ಬರು. ನನ್ನನ್ನ ಬಿಟ್ಟು.

ಇಂಥ ಸೈನ್ಯದ ಗತಿ ಏನಾಗಬೇಕೋ ಅದೇ ಆಯಿತು. ಹತ್ತನೇ ಸರದಿಯಲ್ಲಿ ಸರ್ವೆಯರ್ ಸೇತುವೆಗೆ ಬೆಂಕಿ ಹಚ್ಚಿ, ಅದರ ಮೇಲೆ ಗುರುತಿಗೆ ಅಂಗಿಯ ಒಂದು ಕೆಂಪು ಗುಂಡಿ ಇಟ್ಟರು. ಅರ್ಧ ಸುಟ್ಟ ಸೇತುವೆ ಇನ್ನೊಂದೇ ಕಾಯಿಯ ಭಾರ ತಡೆಯುತ್ತದೆ, ಆಮೇಲೆ ಕುಸಿಯುತ್ತದೆ ಎಂಬುದು ನಿಯಮ. ಹನ್ನೊಂದನೇ ಸರದಿಯಲ್ಲಿ ಡಾಕ್ಟರ ಕಾಲಾಳುಗಳೆಲ್ಲ ಡಬ್ಬಿ ಸೇರಿದರು. ಫಿರಂಗಿಗೆ ಮದ್ದು ಮುಗಿಯಿತು.

ಉಳಿದದ್ದು ಒಂದೇ ಕುದುರೆ. ಏಳನೇ ಸರದಿಯಿಂದ ಹೊಳೆಯ ದಡದಲ್ಲಿ ಹಾಯಾಗಿ ನಿಂತಿದ್ದ, ಯುದ್ಧದ ಗೊಡವೆಗೇ ಹೋಗದಿದ್ದ ಕುದುರೆ. ಅದರ ಎದುರಿಗೆ ಸೇತುವೆ. ಸೇತುವೆಯಾಚೆ ಹೆಬ್ಬಾಗಿಲು. ಸರಿಯಾಗಿ ಮೂರು ಮನೆ. ಸರ್ವೆಯರರ ಕುದುರೆಗಳೆಲ್ಲ ದೂರದ ಗುಡ್ಡದ ಬುಡದಲ್ಲಿ, ಕಾವಲಿನವರು ಹಿಂಬಾಗಿಲಲ್ಲಿ. ಹೆಬ್ಬಾಗಿಲಲ್ಲಿ ನರಪಿಳ್ಳೆ ಇಲ್ಲ.

ಇದನ್ನು ಮೊದಲು ಕಂಡವರು ಸರ್ವೆಯರ್. ಅವರ ಮುಖದ ಬಣ್ಣ ಇಳಿಯಿತು.

ಸರ್ವೆಯರ್: ನಿಮ್ಮ ಸರದಿ ಡಾಕ್ಟ್ರೇ. ಹನ್ನೆರಡನೇದು. ಕೊನೇದು.

ಡಾಕ್ಟರು ಬಾಗಿಲ ಕಡೆ ನೋಡಿದರು. ಮಗಳ ಚಮಚ ಲೋಟದ ಮೇಲೆ ನಿಂತಿತ್ತು. ಒಂದು ಹೊಡೆದರೆ ಇವರು ಸೋತು ಮನೆಗೆ ಹೋಗಬೇಕು. ಎರಡು ಹೊಡೆದರೆ ಗೆದ್ದು ಮನೆಗೆ ಹೋಗಬೇಕು. ಆರು ವರ್ಷದಲ್ಲಿ ಮೊದಲ ಸಲ ಕಂಡಕ್ಟರಮ್ಮನಿಗೆ ಯಾವ ಸೀಟಿ ಊದಬೇಕೆಂದು ತೋಚಲಿಲ್ಲ. ಚಮಚ ಕೈಜಾರಿ ಕೆಳಗೆ ಬಿದ್ದು, ನೆಲದ ಮೇಲೆ ಲೆಕ್ಕವಿಲ್ಲದಷ್ಟು ಸಲ ಸದ್ದು ಮಾಡಿ ಸುಮ್ಮನಾಯಿತು. ಅಡುಗೆಮನೆಯ ಹಾರೆಯೂ ನಿಂತಿತು. ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಗಳ ಪಕ್ಕ ನಿಂತರು.

ಡಾಕ್ಟರು ಕುದುರೆಯನ್ನು ನೋಡಿದರು. ಸೇತುವೆಯನ್ನು ನೋಡಿದರು. ಕೆಂಪು ಗುಂಡಿಯನ್ನು ಬಹಳ ಹೊತ್ತು ನೋಡಿದರು.

ಡಾಕ್ಟರ್: ಇದು ಹೋಗಲ್ಲ ಸರ್.

ಸರ್ವೆಯರ್: ಯಾವುದು ಹೋಗಲ್ಲ?

ಡಾಕ್ಟರ್: ಕುದುರೆ. ಸೇತುವೆ ಉರೀತಿದೆ. ಹೊಗೆ ವಾಸನೆ ಬಂದ್ರೆ ಕುದುರೆ ಮುಂದಕ್ಕೆ ಕಾಲಿಡಲ್ಲ.

ಸರ್ವೆಯರ್: ನಿಯಮ ಓದ್ಕೊಳ್ರೀ! ಒಂದು ಕಾಯಿ ಭಾರ ತಡೆಯುತ್ತೆ ಅಂತ ಬರೆದಿದೀನಿ!

ಡಾಕ್ಟರ್: ಸೇತುವೆ ತಡೆಯುತ್ತೆ ಸರ್. ಕುದುರೆ ಮನಸ್ಸು ತಡೆಯಲ್ಲ.

ಸರ್ವೆಯರ್: ಕುದುರೆ ಮನಸ್ಸಿನ ಬಗ್ಗೆ ನಾನು ನಿಯಮ ಬರೆದಿಲ್ಲ!

ಡಾಕ್ಟರ್: ಬರೀಬೇಕಿತ್ತು ಸರ್. ಮುಖ್ಯವಾದ್ದೇ ಬಿಟ್ಟಿದೀರ.

ಸರ್ವೆಯರ್: ರೀ, ಈಗ ನೀವು ಹೋಗದೆ ಇದ್ರೆ ಸೋಲ್ತೀರ. ಗೊತ್ತಾಗ್ತಿದೆಯಾ?

ಡಾಕ್ಟರ್: ಗೊತ್ತಾಗ್ತಿದೆ.

ಸರ್ವೆಯರ್: ಬೇಕಂತಲೇ ಸ್ವಂತ ಸೋಲು ತಂದ್ಕೊಳ್ಳೋರಿಗೆ ನಾನು ಮಗಳನ್ನ ಕೊಡಲ್ಲ!

ಡಾಕ್ಟರ್: ಬೇಕಂತ ಅಲ್ಲ ಸರ್. ನಿಮ್ಮ ಮಗಳನ್ನ ಬಿಟ್ಟು ಈ ಮನೆ ಮೆಟ್ಟಿಲು ಇಳೀಬೇಕು ಅಂದ್ರೆ ನನ್ನ ಕಾಲೇ ಬರಲ್ಲ. ಆದ್ರೆ ಆ ಕುದುರೆ ಕಾಲೂ ಬರಲ್ವಲ್ಲ, ಏನು ಮಾಡ್ಲಿ?

ಮಗಳು ಕೆನ್ನೆ ಮೇಲೆ ಕೈಯಿಟ್ಟುಕೊಂಡಳು. ಪ್ರೀತಿಯ ಮಾತು ಹೇಳಲಿ ಎಂದು ಎಂಟು ತಿಂಗಳಿಂದ ಕಾದಿದ್ದಳು. ಕೊನೆಗೂ ಹೇಳಿದರು, ಆದರೆ ಅವಳ ಜೊತೆ ಕುದುರೆಯನ್ನೂ ಸೇರಿಸಿ ಹೇಳಿದರು.

ಸರ್ವೆಯರ್: ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ!

ಡಾಕ್ಟರ್: ವಾಸನೆ ಬರೋದು ಕಣ್ಣಿಂದ ಅಲ್ಲ ಸರ್.

ಸರ್ವೆಯರ್: ಮೂಗಿಗೂ ಕಟ್ಟಿ!

ಡಾಕ್ಟರ್: ಉಸಿರಾಡೋದು ಹೇಗೆ?

ಸರ್ವೆಯರ್: ಮೂರೇ ಮನೆ ಕಣ್ರೀ! ಮೂರು ಮನೆ ಉಸಿರು ಬಿಗಿ ಹಿಡಿಯೋಕೆ ಆಗಲ್ವಾ?

ಡಾಕ್ಟರ್: ಅದಕ್ಕೆ ಹೇಳೋರು ಯಾರು ಸರ್, ಇನ್ನು ಮೂರೇ ಮನೆ ಅಂತ?

ಸರ್ವೆಯರ್ ಎದ್ದು ನಿಂತರು. ಕಿವಿ ಕೆಂಪಗಾಗಿದ್ದವು. ಕೋಟೆ ಉಳಿಯಿತಲ್ಲ ಎಂದು ಕುಣಿಯಬೇಕಾದ ಮನುಷ್ಯ ಶತ್ರುವಿನ ಗೆಲುವು ಹಾಳಾಗುತ್ತಿದೆಯೆಂದು ಮೈಯೆಲ್ಲ ಉರಿದುಕೊಳ್ಳುತ್ತಿದ್ದರು. 'ನೀವು' ಎನ್ನುವುದು ಎಲ್ಲಿ ಬಿದ್ದು ಹೋಯಿತೋ ಅವರಿಗೇ ತಿಳಿಯಲಿಲ್ಲ.

ಸರ್ವೆಯರ್: ಅಲ್ಲ ಕಣಯ್ಯಾ, ಆ ಸೇತುವೆ ಬರೆದಿದ್ದು ನಾನು! ಹನ್ನೆರಡು ಅಡಿ ಅಗಲ! ಕೆಳಗೆ ಐದು ತೊಲೆ! ಎರಡು ತೊಲೆ ಸುಟ್ಟರೂ ಮೂರು ಉಳಿಯುತ್ತೆ! ನಾನು ಅಳತೆ ಹಾಕಿದ ಸೇತುವೇನ ನೀನು ಭದ್ರ ಇಲ್ಲ ಅಂತೀಯಾ?

ಡಾಕ್ಟರ್: ನಾನನ್ನಲ್ಲ ಸರ್. ಕುದುರೆ ಅಂದ್ಕೊಳ್ಳುತ್ತೆ.

ಸರ್ವೆಯರ್: ಕುದುರೆಗೇನು ಗೊತ್ತು ಮಣ್ಣು! ಕೊಡು ಇಲ್ಲಿ! ಕಲಿತ್ಕೋ! ಹೀಗೆ ಕುತ್ತಿಗೆ ಹಿಡೀಬೇಕು. ಒಂದು! ಏನಾದ್ರೂ ಅಲುಗಿತಾ? ಎರಡು! ಸೇತುವೆ ಮುರೀತಾ? ಮೂರು! ಹೋಯ್ತೋ ಇಲ್ವೋ ಒಳಕ್ಕೆ?

ಸರ್ವೆಯರರ ಬೆರಳು ಇನ್ನೂ ಕುದುರೆಯ ಕುತ್ತಿಗೆಯ ಮೇಲಿತ್ತು. ಕುದುರೆ ಹೆಬ್ಬಾಗಿಲಿನ ಒಳಗಿತ್ತು.

ತಾಯಿ: ಹೋಯ್ತು ರೀ.

ಸರ್ವೆಯರ್: ಇದು... ಇದು ತೋರಿಸಿದ್ದು.

ಮಗಳು: ಹನ್ನೆರಡನೇ ಸರದಿ ಅಪ್ಪಾ.

ಸರ್ವೆಯರ್: ಸುಮ್ನೆ ತೋರಿಸಿದ್ದು ಅಂತಿದೀನಲ್ಲ!

ತಾಯಿ: ಹೆಬ್ಬಾಗಿಲು ದಾಟಿದೆ.

ಸರ್ವೆಯರ್: ದಾಟಿಸಿದ್ದು ನಾನು!

ತಾಯಿ: ನಾವೂ ಅದನ್ನೇ ಹೇಳ್ತಿರೋದು.

ಸರ್ವೆಯರ್ ಕುರ್ಚಿಯ ಮೇಲೆ ಕುಸಿದರು. ಸ್ವಲ್ಪ ಹೊತ್ತು ಕುದುರೆಯನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಡಾಕ್ಟರನ್ನು ನೋಡಿದರು.

ಸರ್ವೆಯರ್: ನಿಜ ಹೇಳು. ನನ್ನ ಕೈಯಲ್ಲೇ ಮಾಡಿಸ್ಬೇಕು ಅಂತ ಹೂಡಿದ ಹುನ್ನಾರ ತಾನೇ ಇದು?

ಡಾಕ್ಟರ್: ಖಂಡಿತ ಇಲ್ಲ ಸರ್. ನನ್ನ ಕೇಳಿದ್ರೆ ಈಗಲೂ ಅದು ಸೇತುವೆ ಹತ್ತಿಲ್ಲ. ನೀವು ಎತ್ಕೊಂಡು ಹೋದ್ರಿ.

ಸರ್ವೆಯರ್ ಆ ಮುಖದಲ್ಲಿ ಕಪಟ ಹುಡುಕಿದರು. ಒಂದು ಗೇಣು ನೆಲಕ್ಕಾಗಿ ಗಡಿಕಲ್ಲು ಸರಿಸಿ, ಆಮೇಲೆ ದೇವರ ಮೇಲೆ ಆಣೆ ಇಡುವವರನ್ನು ಜೀವಮಾನವೆಲ್ಲ ಕಂಡವರು ಅವರು. ಸುಳ್ಳು ಹೇಳುವ ಮುಖ ಮಾರುದ್ದದಿಂದ ಗೊತ್ತಾಗುತ್ತಿತ್ತು. ಈ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಸೋತದ್ದು ಸಂಕಟವಾಯಿತು, ಆದರೆ ಈ ಹುಡುಗ ಮೆಚ್ಚಿಗೆಯಾಗಿಬಿಟ್ಟ. ಎರಡೂ ಒಟ್ಟಿಗೆ ಆದದ್ದು ಅವರಿಗೆ ಇನ್ನಷ್ಟು ಸಿಟ್ಟು ತರಿಸಿತು.

ಸರ್ವೆಯರ್: ಒಂದು ತುಂಡು ಮರಕ್ಕೋಸ್ಕರ ನನ್ನ ಮಗಳನ್ನೇ ಬಿಟ್ಟುಕೊಡೋಕೆ ಹೊರಟಿದ್ದೆಯಲ್ಲಯ್ಯಾ!

ಡಾಕ್ಟರ್: ಬಿಟ್ಟುಕೊಡ್ತಿರಲಿಲ್ಲ ಸರ್. ಸೋತು ಮನೆಗೆ ಹೋಗಿ, ನಾಳೆ ಬಂದು ಮತ್ತೆ ಕೇಳ್ತಿದ್ದೆ.

ಸರ್ವೆಯರ್: ನಾಳೆಯೂ ಕೊಡಲ್ಲ ಅಂದಿದ್ರೆ?

ಡಾಕ್ಟರ್: ನಾಡಿದ್ದು ಬರ್ತಿದ್ದೆ. ನಾಡಿದ್ದು ನನಗೆ ರಜ.

ಮಗಳು: ಅಪ್ಪಾ, ಈಗಾದ್ರೂ ಏನಾದ್ರೂ ಹೇಳಪ್ಪಾ.

ಸರ್ವೆಯರ್: ಸುಮ್ನಿರು ನೀನು. ಕೋಟೆ ಕಳ್ಕೊಂಡೋರು ಮಾತಾಡೋವಾಗ ಮಧ್ಯೆ ಬಾಯಿ ಹಾಕ್ಬಾರದು. ಆಯ್ತು ಕಣಯ್ಯಾ. ಒಪ್ಪಿದೆ. ಹುಡುಗಿ ನಿನ್ನವಳು. ಕುದುರೆ ವಿಷಯ ಮಾತ್ರ ನಾನು ಒಪ್ಪಲ್ಲ. ಆ ಸೇತುವೆ ಗಟ್ಟಿಯಾಗಿತ್ತು.

ಮಗಳು ಖುಷಿಯಲ್ಲಿ ಹಾಕಿದ ಕೂಗಿಗೆ ಎದುರುಮನೆಯ ಕಿಟಕಿ ತೆರೆದುಕೊಂಡಿತು. ತಾಯಿಗೆ ಕೂಗಲು ಪುರುಸೊತ್ತಿರಲಿಲ್ಲ. ಆಗಲೇ ಕಾಲಾಳುಗಳನ್ನೆಲ್ಲ ಬಾಚಿ ಡಬ್ಬಿಗೆ ಸುರಿದು, ನಕ್ಷೆಯ ಒಂದು ಅಂಚನ್ನು ಸುತ್ತತೊಡಗಿದ್ದರು.

ಡಾಕ್ಟರ್: ಮಾವಾ, ಒಂದು ಸಣ್ಣ ವಿಷಯ ಇದೆ. ನಮ್ಮಮ್ಮ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ಸರ್ವೆಯರ್: ಯಾಕೆ? ಹುಡುಗೀನ ನೋಡಿಲ್ವಾ ಅವರು?

ಡಾಕ್ಟರ್: ನೋಡಿದಾರೆ, ಮೆಚ್ಚಿದಾರೆ. ಅವರು ನೋಡ್ಬೇಕು ಅಂತಿರೋದು ನಿಮ್ಮನ್ನ.

ಸರ್ವೆಯರ್: ನನ್ನಾ? ನನ್ನಲ್ಲೇನು ನೋಡೋದಿದೆ?

ಡಾಕ್ಟರ್: ಮನೇಲಿ ಒಂದು ಎಮ್ಮೆ ಇದೆ ಮಾವಾ. ಬೀಗರಾಗೋರು ಬಂದು ಅದರ ಹಾಲು ಕರೀಬೇಕು. ಆಮೇಲೆ ಮುಂದಿನ ಮಾತು.

ಸರ್ವೆಯರ್: ಇದೆಂಥ ಹುಚ್ಚು! ಇಬ್ಬರು ಮಕ್ಕಳ ಬಾಳು ಒಂದು ಎಮ್ಮೆ ಕೈಲಿ ಕೊಡೋದಾ? ಬುದ್ಧಿ ಇರೋರು ಯಾರಾದ್ರೂ ಇಂಥ ಪರೀಕ್ಷೆ ಇಡ್ತಾರಾ?

ನಕ್ಷೆ ಸುತ್ತುತ್ತಿದ್ದ ತಾಯಿ ಕೈ ನಿಲ್ಲಿಸಿ ಗಂಡನ ಮುಖ ನೋಡಿದರು. ಮಗಳೂ ನೋಡಿದಳು. ಸರ್ವೆಯರ್ ಕೆಮ್ಮಿ ಗಂಟಲು ಸರಿ ಮಾಡಿಕೊಂಡರು.

ಸರ್ವೆಯರ್: ಸರಿ. ಏನಂತೆ ಅದರಲ್ಲಿ ತಿಳಿಯೋದು?

ಡಾಕ್ಟರ್: ಮುಂಗೋಪಿಗಳ ಕೈಗೆ ಅದು ಹಾಲಿಳಿಸಲ್ಲ ಅಂತ ಅಮ್ಮನ ನಂಬಿಕೆ.

ಸರ್ವೆಯರ್: ನನಗೆ ಯಾವತ್ತು ಕೋಪ ಬಂದಿದೆ!

ಆ ದನಿಗೆ ಮೇಜಿನ ಮೇಲಿದ್ದ ಕಾಯಿಗಳ ಡಬ್ಬಿಯೇ ಅದುರಿತು.

ಡಾಕ್ಟರ್: ಇಷ್ಟು ಗಟ್ಟಿಯಾಗಿ ಹೇಳಿದ್ರೆ ಒದೆಯುತ್ತೆ ಮಾವಾ.

ಸರ್ವೆಯರ್: ಒದೆಯುತ್ತಾ?

ಡಾಕ್ಟರ್: ಹಿಂಗಾಲಲ್ಲಿ. ನನ್ನ ಅಕ್ಕನ ಮಾವನವರು ಬಕೆಟ್ ಸಮೇತ ಗೊಬ್ಬರದ ಗುಂಡಿಗೆ ಬಿದ್ರು.

ತಾಯಿ: ಅಯ್ಯೋ! ಆ ಮದುವೆ ಏನಾಯ್ತು?

ಡಾಕ್ಟರ್: ಎದ್ದು ಬಂದು ಮತ್ತೆ ಕೂತು ಕರೆದ್ರು. ಆಯ್ತು.

ಸರ್ವೆಯರ್ ಮಗಳ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಹೆಂಡತಿಯ ಕೈಯಿಂದ ನಕ್ಷೆಯನ್ನು ಮೆಲ್ಲಗೆ ಕಿತ್ತುಕೊಂಡು, ಮಗುಚಿ, ಅದರ ಬಿಳಿಯ ಬೆನ್ನನ್ನು ಮೇಜಿನ ತುಂಬ ಹರವಿದರು. ಜೇಬಿನಿಂದ ಪೆನ್ಸಿಲ್ ತೆಗೆದು ಡಾಕ್ಟರ ಕೈಗೆ ಕೊಟ್ಟರು.

ಸರ್ವೆಯರ್: ಕೂತ್ಕೋ. ಕೊಟ್ಟಿಗೆ ಬಾಗಿಲು ಎಲ್ಲಿದೆ, ಎಮ್ಮೆ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತೆ, ಎಲ್ಲಾ ಸರಿಯಾಗಿ ಗುರುತು ಹಾಕು. ಈ ಸಲ ಮುತ್ತಿಗೆ ಹಾಕೋನು ನಾನು.